ಜೆಫ್ರಿ ಗೋರ್ಡನ್ ಸಂಶೋಧನೆ: ಕರುಳಿನ ಸೂಕ್ಷ್ಮಾಣುಗಳು ಕಾರಣವೋ, ಪರಿಣಾಮವೋ?

ಪ್ರಶ್ನೆ | ವರದಾತೀರ

ಕರುಳಿನ ಸೂಕ್ಷ್ಮಾಣುಗಳ ಮಾತು ಬಂದಾಗಲೆಲ್ಲ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗೋರ್ಡನ್ ಅವರ ಹೆಸರು ಕೇಳಿಬರುತ್ತದೆ. ಅವರ ಕೆಲಸದ ಬಗ್ಗೆ ಓದಲು ಹೊರಟರೆ ಒಂದು ತುದಿಯಲ್ಲಿ ಬೊಜ್ಜು, ಇನ್ನೊಂದು ತುದಿಯಲ್ಲಿ ಮಕ್ಕಳ ಅಪೌಷ್ಟಿಕತೆ. ದಪ್ಪಗಿರುವವರ ಕರುಳಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಹೆಚ್ಚಿಗೆ ಕಂಡುಬಂದ ಮಾತ್ರಕ್ಕೆ ಅದೇ ಬೊಜ್ಜಿಗೆ ಕಾರಣ ಎಂದು ಹೇಗೆ ಹೇಳುತ್ತಾರೆ? ಅವರ ಊಟದಿಂದಲೇ ಬ್ಯಾಕ್ಟೀರಿಯಾ ಬದಲಾಗಿರಬಹುದಲ್ಲವೇ? ಇನ್ನೊಂದು ಸಂದೇಹ: ಢಾಕಾದಲ್ಲಿ ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿ ಸೇರಿಸಿ ಮಕ್ಕಳಿಗೆ ಕೊಟ್ಟು ನೋಡಿದ್ದಾರಂತೆ. ಇವೆಲ್ಲ ನಮ್ಮಲ್ಲೂ ಸಿಗುವ ಪದಾರ್ಥಗಳೇ ಆಗಿರುವಾಗ ಜೀವಂತ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಪುಡಿ, ಮಾತ್ರೆಗಳಿಗೆ ದುಡ್ಡು ಸುರಿಯುವ ಅಗತ್ಯವೇನಿದೆ? ವಿಷಯ ಬಲ್ಲವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ | ಗಾಜಿನತಟ್ಟೆ

ಕಾರಣವೋ ಪರಿಣಾಮವೋ ಎಂಬ ನಿಮ್ಮ ಸಂದೇಹವನ್ನು ಬಗೆಹರಿಸಿಕೊಳ್ಳುವುದರಲ್ಲೇ ಗೋರ್ಡನ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಕಳೆದಿದ್ದಾರೆ. ಅದಕ್ಕೆ ಅವರು ಹಿಡಿದ ದಾರಿ ಜೀವಾಣುರಹಿತ ಇಲಿಗಳದು. ಈ ಇಲಿಗಳನ್ನು ಗಾಳಿಯಾಡದಂತೆ ಮುಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಕೋಣೆಯಲ್ಲಿ ಇಟ್ಟು, ಸೋಸಿದ ಗಾಳಿ ಹಾಯಿಸಿ, ಕ್ರಿಮಿಶುದ್ಧಗೊಳಿಸಿದ ನೀರು ಮತ್ತು ಮೇವು ಕೊಟ್ಟು, ಗೋಡೆಗೇ ಅಂಟಿಸಿದ ಉದ್ದ ತೋಳಿನ ರಬ್ಬರ್ ಗವಸುಗಳೊಳಗೆ ಹೊರಗಿನಿಂದ ಕೈ ತೂರಿಸಿ ಸಾಕಬೇಕಾಗುತ್ತದೆ. ಅಂಥ ಇಲಿಯ ಹೊಟ್ಟೆ ಬಿಡಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ಚೀಲ. ನಾರನ್ನೂ ಲೋಳೆಯನ್ನೂ ಒಡೆಯುವ ಬ್ಯಾಕ್ಟೀರಿಯಾಗಳೇ ಇಲ್ಲದ ಕಾರಣ ಅದು ಸಾಮಾನ್ಯ ಇಲಿಯದಕ್ಕಿಂತ ಹಲವು ಪಟ್ಟು ಉಬ್ಬಿಕೊಂಡಿರುತ್ತದೆ.

2004ರಲ್ಲಿ ಅವರ ತಂಡ ಇಂಥ ಇಲಿಗಳಿಗೆ ಸಾಮಾನ್ಯ ಇಲಿಯ ಸೀಕಮ್ಮಿನ ಸೂಕ್ಷ್ಮಾಣುಗಳನ್ನು ಸೇರಿಸಿತು. ಎರಡು ವಾರಗಳಲ್ಲಿ ಅವುಗಳ ದೇಹದ ಕೊಬ್ಬು ಸುಮಾರು ಶೇ. 60ರಷ್ಟು ಏರಿತು, ಅದೂ ಮೊದಲಿಗಿಂತ ಕಡಿಮೆ ತಿಂದು. ನಮ್ಮ ಕಿಣ್ವಗಳಿಗೆ ಜಗ್ಗದ ಪಿಷ್ಟ, ನಾರುಗಳನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳಾಗಿ ಮಾಡುವುದರಿಂದ, ಮಲದಲ್ಲಿ ಹೋಗಿಬಿಡುತ್ತಿದ್ದ ಶಕ್ತಿಯ ಒಂದು ಪಾಲು ದೇಹಕ್ಕೆ ದಕ್ಕುತ್ತದೆ. 2006ರಲ್ಲಿ ಬೊಜ್ಜಿನ ಇಲಿಗಳ ಸೂಕ್ಷ್ಮಾಣುಗಳನ್ನು ಕೊಟ್ಟಾಗ, ಸಣಕಲು ಇಲಿಗಳ ಸೂಕ್ಷ್ಮಾಣು ಪಡೆದವುಗಳಿಗಿಂತ ಹೆಚ್ಚು ಕೊಬ್ಬು ಬೆಳೆಯಿತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 2013ರ ಪ್ರಯೋಗ. ಅವಳಿಗಳಲ್ಲಿ ಒಬ್ಬರಿಗೆ ಬೊಜ್ಜಿದ್ದು ಇನ್ನೊಬ್ಬರಿಗೆ ಇಲ್ಲದಿರುವ ಜೋಡಿಗಳನ್ನು ಹುಡುಕಿ, ಇಬ್ಬರ ಮಲದಲ್ಲಿನ ಸೂಕ್ಷ್ಮಾಣುಗಳನ್ನೂ ಬೇರೆಬೇರೆ ಇಲಿಗಳಿಗೆ ಸೇರಿಸಿದರು. ಬೊಜ್ಜಿನವರ ಸೂಕ್ಷ್ಮಾಣು ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಿತು. ಅನಂತರ ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿ ಬಿಟ್ಟರು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ (ಓದಲು ಹೇಸಿಗೆಯಾದರೂ ಪ್ರಯೋಗ ನಿಂತಿರುವುದೇ ಇದರ ಮೇಲೆ). ಹಾಗೆ ತಿಂದಾಗ ತೆಳ್ಳಗಿನವರ ಸೂಕ್ಷ್ಮಾಣುಗಳು ಬೊಜ್ಜಿನ ಕಡೆಯ ಇಲಿಯ ಕರುಳಿಗೆ ಹೋಗಿ ನೆಲೆಸಿ ಕೊಬ್ಬು ಬೆಳೆಯುವುದನ್ನು ತಡೆದವು, ಹಿಮ್ಮುಖವಾಗಿ ಹಾಗಾಗಲಿಲ್ಲ. ಆದರೆ ಇದು ನಡೆದದ್ದು ಕೊಬ್ಬು ಕಡಿಮೆಯಿದ್ದು ನಾರು ಹೆಚ್ಚಿದ್ದ ಮೇವು ಕೊಟ್ಟಾಗ ಮಾತ್ರ. ಕೊಬ್ಬು ತುಂಬಿದ, ಹಣ್ಣು ತರಕಾರಿ ಕಡಿಮೆಯಿರುವ ಮೇವಿನಲ್ಲಿ ಆ ರಕ್ಷಣೆ ಸಿಗಲಿಲ್ಲ. ಸೂಕ್ಷ್ಮಾಣು ಮತ್ತು ಊಟ ಇವೆರಡರಲ್ಲಿ ಯಾವುದು ಕಾರಣ ಎಂದು ಬಿಡಿಸಿ ಕೇಳಿದರೆ ಉತ್ತರ ಸಿಗುವುದಿಲ್ಲ ಎಂದು ನಾನು ಹೇಳುವುದು ಈ ಆಧಾರದ ಮೇಲೆ.

ಉತ್ತರ | ಹೆಸರುಕಾಳು

ಮೇಲಿನ ಉತ್ತರ ಸರಿಯಾಗಿಯೇ ಇದೆ, ಆದರೆ ಇಲಿಯಿಂದ ಮನುಷ್ಯನಿಗೆ ಬರುವಾಗ ಸ್ವಲ್ಪ ನಿಧಾನಿಸಬೇಕು. ಬೊಜ್ಜಿರುವವರಲ್ಲಿ ಫರ್ಮಿಕ್ಯೂಟ್ಸ್ ಎಂಬ ಬ್ಯಾಕ್ಟೀರಿಯಾ ಗುಂಪು ಹೆಚ್ಚು, ಬ್ಯಾಕ್ಟೀರಾಯ್ಡಿಟೀಸ್ ಎಂಬ ಗುಂಪು ಕಡಿಮೆ ಎಂದು 2006ರ ಇನ್ನೊಂದು ಪ್ರಬಂಧ ಹೇಳಿತ್ತು. ಅದರಲ್ಲಿ ನೋಡಿದ್ದು ಬೊಜ್ಜಿರುವ 12 ಮಂದಿಯನ್ನು. ಆಮೇಲೆ ಬೇರೆಬೇರೆ ಅಧ್ಯಯನಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಅನುಪಾತಕ್ಕೂ ತೂಕಕ್ಕೂ ಇರುವ ನಂಟು ತೀರಾ ದುರ್ಬಲ ಎಂದು ಗೊತ್ತಾಯಿತು. ಹೀಗಿದ್ದರೂ ಮಲ ಪರೀಕ್ಷೆ ಮಾಡಿ ಆ ಅನುಪಾತವನ್ನು ವರದಿಯಲ್ಲಿ ಅಚ್ಚುಹಾಕಿ ಕೊಡುವ ವ್ಯಾಪಾರ ಇನ್ನೂ ನಡೆದೇ ಇದೆ. ಪ್ರೊಬಯಾಟಿಕ್ ಬಗ್ಗೆ ಹೇಳುವುದಾದರೆ, ಹೊಲ ಹದವಾಗದೆ ಬೀಜ ಚೆಲ್ಲಿದಂತೆ, ಹೊರಗಿನಿಂದ ನುಂಗಿದ ಬ್ಯಾಕ್ಟೀರಿಯಾ ಹೆಚ್ಚಿನವರ ಕರುಳಿನಲ್ಲಿ ಬಹುಕಾಲ ನೆಲೆಯೂರುವುದಿಲ್ಲ. ಕೆಲವು ನಿರ್ದಿಷ್ಟ ಕಾಯಿಲೆಗಳಲ್ಲಿ ಅದರಿಂದ ಉಪಯೋಗವಿದೆ. ಅದನ್ನು ವೈದ್ಯರೇ ಹೇಳಬೇಕು.

ಉತ್ತರ | ಮಕ್ಕಳವಾರ್ಡು

ಮಕ್ಕಳ ವೈದ್ಯಳಾಗಿ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಗೋರ್ಡನ್ ತಂಡ ಆಫ್ರಿಕಾದ ಮಲಾವಿಯಲ್ಲಿ 317 ಅವಳಿ ಜೋಡಿಗಳನ್ನು ಹುಟ್ಟಿನಿಂದ ಮೂರು ವರ್ಷದವರೆಗೆ ಗಮನಿಸಿತು. ಒಂದೇ ಮನೆಯಲ್ಲಿ, ಒಂದೇ ಬಗೆಯ ಊಟ ಮಾಡುವ ಅವಳಿಗಳಲ್ಲಿ ಒಂದು ಮಗುವಿಗೆ ಮಾತ್ರ ಮೈ ಬಾತುಕೊಳ್ಳುವ ಕ್ವಾಷಿಯೋರ್ಕರ್ ಎಂಬ ತೀವ್ರ ಅಪೌಷ್ಟಿಕತೆ ಬಂದ ಜೋಡಿಗಳಿದ್ದವು. ಆ ಮಗುವಿನ ಸೂಕ್ಷ್ಮಾಣುಗಳನ್ನು ಜೀವಾಣುರಹಿತ ಇಲಿಗಳಿಗೆ ಸೇರಿಸಿ, ಜೊತೆಗೆ ಮಲಾವಿಯ ಊಟವನ್ನೂ ಕೊಟ್ಟಾಗ ಅವುಗಳ ತೂಕ ಗಣನೀಯವಾಗಿ ಇಳಿಯಿತು. ಒಂದು ತುದಿಯಲ್ಲಿ ಬೊಜ್ಜು, ಇನ್ನೊಂದು ತುದಿಯಲ್ಲಿ ಅಪೌಷ್ಟಿಕತೆ ಎಂದಿದ್ದಿರಿ, ಎರಡಕ್ಕೂ ನಂಟು ಇಲ್ಲಿದೆ.

ಬಳಿಕ ಢಾಕಾದ ಐಸಿಡಿಡಿಆರ್,ಬಿ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆಯ ತಹಮೀದ್ ಅಹ್ಮದ್ ಅವರೊಂದಿಗೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಮಕ್ಕಳ ಕರುಳಿನ ಸೂಕ್ಷ್ಮಾಣು ಸಮುದಾಯ ಮೊದಲೆರಡು ವರ್ಷಗಳಲ್ಲಿ ಒಂದು ಕ್ರಮದಲ್ಲಿ ಬಲಿಯುತ್ತದೆ, ಬಡಕಲು ಮಕ್ಕಳಲ್ಲಿ ಅದು ವಯಸ್ಸಿಗಿಂತ ಎಳೆಯದಾಗಿಯೇ ಉಳಿದಿರುತ್ತದೆ ಎಂದು ಕಂಡರು. ಪೌಷ್ಟಿಕ ಆಹಾರ ಕೊಟ್ಟರೂ ಸುಧಾರಣೆ ಕೆಲಕಾಲ ಮಾತ್ರ ನಿಂತಿತು. ಆದ್ದರಿಂದ ಮಗುವಿನ ಜೊತೆಗೆ ಹಿಂದುಳಿದ ಸೂಕ್ಷ್ಮಾಣುಗಳಿಗೂ ಉಣಿಸಬೇಕು ಎಂದು ನೀವು ಹೇಳಿದ ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿಯ ಹೊಸ ಆಹಾರವನ್ನು ರೂಪಿಸಿದರು. 2021ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ಢಾಕಾದ ಮೀರ್‌ಪುರದಲ್ಲಿ, ಸಾಧಾರಣ ಮಟ್ಟದ ಅಪೌಷ್ಟಿಕತೆಯಿದ್ದ 12ರಿಂದ 18 ತಿಂಗಳ ಮಕ್ಕಳ ಮೇಲೆ ಮೂರು ತಿಂಗಳು ನಡೆಸಿದ್ದರು; ಅದನ್ನು ಪೂರೈಸಿದವರು 118 ಮಕ್ಕಳು. ಅಕ್ಕಿ, ಬೇಳೆ, ಹಾಲಿನಪುಡಿಯ ರೂಢಿಯ ಆಹಾರಕ್ಕಿಂತ ಹೊಸದರಲ್ಲಿ ಕ್ಯಾಲೊರಿ ಕಡಿಮೆಯಿದ್ದರೂ ತೂಕ ಅದರಲ್ಲೇ ಹೆಚ್ಚು ವೇಗವಾಗಿ ಏರಿತು. ಎತ್ತರದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. 2023ರಲ್ಲಿ, ಈ ಆಹಾರದ ಸಂಕೀರ್ಣ ಸಕ್ಕರೆಗಳನ್ನು ಒಡೆಯಬಲ್ಲ ಪ್ರೆವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳಿಗೂ ತೂಕದ ಏರಿಕೆಗೂ ಸಂಬಂಧ ಕಂಡುಬಂತು.

ಮರುಪ್ರಶ್ನೆ | ವರದಾತೀರ

ಎಲ್ಲರಿಗೂ ಧನ್ಯವಾದಗಳು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಕೊಟ್ಟದ್ದುಂಟು. ಅದರಿಂದಲೂ ಇದೇ ಫಲ ಬರುತ್ತದೆ ಎನ್ನಬಹುದೇ?

ಉತ್ತರ | ಮಕ್ಕಳವಾರ್ಡು

ಚಿಕ್ಕಿ, ಬಾಳೆಹಣ್ಣು ಶಾಲೆಯ ಮಕ್ಕಳಿಗೆ ಒಳ್ಳೆಯ ತಿನಿಸೇ, ಆದರೆ ಆ ಫಲಿತಾಂಶವನ್ನು ಇದಕ್ಕೆ ಅಂಟಿಸುವಂತಿಲ್ಲ. ವಯಸ್ಸು ಬೇರೆ, ಮಕ್ಕಳ ಸ್ಥಿತಿ ಬೇರೆ. ಅಲ್ಲದೆ ಅಲ್ಲಿ ಬಳಸಿದ್ದು ಬಾಳೆಕಾಯಿ; ಕಾಯಿಯಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನವರೆಗೆ ತಲುಪುವ ಪಿಷ್ಟ ಹೇರಳವಾಗಿದ್ದು, ಹಣ್ಣಾಗುತ್ತಾ ಬಹುಪಾಲು ಸಕ್ಕರೆಯಾಗಿಬಿಡುತ್ತದೆ. ಆ ಆಹಾರದಲ್ಲಿ ಅಳೆದು ಬೆರೆಸಿದ ಎಣ್ಣೆ, ವಿಟಮಿನ್ನು, ಖನಿಜಗಳೂ ಇದ್ದವು.

ಮನೆಯಲ್ಲಿ ಎಳೆಮಕ್ಕಳಿಗೆ ಶೇಂಗಾ ಕೊಡುವವರು ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹುರಿದು ನುಣ್ಣಗೆ ಅರೆದು ಗಂಜಿಗೆ ಕಲಸಿ ಕೊಡಬಹುದು. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲವಾದ್ದರಿಂದ ಅದನ್ನು ಎಸೆಯಬೇಕು. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮನೆಮದ್ದು, ಮನೆಯ ಪುಡಿ ಯಾವುದನ್ನೂ ಕಾಯದೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದುಕೊಂಡು ಹೋಗಿ; ಅಳೆಯುವ ಪಟ್ಟಿ ಅಂಗನವಾಡಿಯಲ್ಲಿ ಸಿಗುತ್ತದೆ.