ಮಾತಾಡುವ ಕಂಪ್ಯೂಟರಿನ ಹಳೆಯ ದನಿಯನ್ನು ಹಿರಿಯರು ಬಿಡದಿರುವುದೇಕೆ?

ಪ್ರಶ್ನೆ – ಮಾಟುಂಗಾ, ಮುಂಬಯಿ

ನನ್ನ ಸೋದರಮಾವನವರಿಗೆ ದೃಷ್ಟಿಯಿಲ್ಲ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಿಂದಲೂ, ಪರದೆಯ ಮೇಲಿನದನ್ನು ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ಬಳಸುತ್ತಿರುವ ಅವರು ಇಂದಿಗೂ ಯಂತ್ರದಂತೆ ಕರಕರ ಎನ್ನುವ ದನಿಯನ್ನೇ ಇಟ್ಟುಕೊಂಡಿದ್ದಾರೆ. ಅದು ಓಡುವ ವೇಗಕ್ಕೆ ನನಗೆ ಒಂದು ಪದವೂ ದಕ್ಕುವುದಿಲ್ಲ. ಮನುಷ್ಯರಂತೆಯೇ ಮಾತಾಡುವ ಹೊಸ ದನಿಯೊಂದನ್ನು ಹಾಕಿಕೊಟ್ಟೆ. ‘ಚೆನ್ನಾಗಿದೆ ಮಾರಾಯ, ಆದರೆ ಕೆಲಸಕ್ಕಾಗದು’ ಎಂದು ಮರುದಿನವೇ ತೆಗೆಸಿಬಿಟ್ಟರು. ಇದು ಬರೀ ರೂಢಿಯೇ, ಅಥವಾ ಬೇರೆ ಕಾರಣವಿದೆಯೇ? ಆ ಕಾಲದಿಂದ ಬಳಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ – ಪುಣೆ, ನಿವೃತ್ತ ಬ್ಯಾಂಕ್ ಅಧಿಕಾರಿ

ರೂಢಿಯ ಪಾಲು ಇಲ್ಲವೆನ್ನಲಾರೆ, ಆದರೆ ಮುಖ್ಯ ಕಾರಣ ಅದಲ್ಲ. ಆ ಹಳೆಯ ದನಿಗಳು ಯಾರದೋ ಧ್ವನಿಮುದ್ರಣದ ತುಣುಕುಗಳಲ್ಲ. ಗಂಟಲು, ಬಾಯಿ, ಮೂಗುಗಳಲ್ಲಿ ಸ್ವರ ಅನುರಣಿಸುವ ಬಗೆಯನ್ನು ಸೂತ್ರಗಳಿಗೆ ಇಳಿಸಿ, ಪ್ರತಿಯೊಂದು ಉಚ್ಚಾರವನ್ನೂ ಆಗಿಂದಾಗಲೇ ಲೆಕ್ಕಹಾಕಿ ಹುಟ್ಟಿಸುವಂಥವು. ಹೀಗಾಗಿ ವೇಗವನ್ನು ಎಷ್ಟು ಏರಿಸಿದರೂ ವ್ಯಂಜನಗಳು ಬಿಡಿಬಿಡಿಯಾಗಿಯೇ ಕೇಳುತ್ತವೆ, ಕೀಲಿ ಒತ್ತಿದೊಡನೆ ಉತ್ತರವೂ ಬರುತ್ತದೆ. ಮುದ್ರಿತ ತುಣುಕುಗಳನ್ನು ಪೋಣಿಸುವ ದನಿಗಳಲ್ಲಿ ವೇಗ ಹೆಚ್ಚಿದಂತೆ ಬೆಸುಗೆಗಳು ಕಲಸಿಹೋಗುತ್ತವೆ. ದಿನವಿಡೀ ಖಾತೆಗಳ ಅಂಕಿಗಳನ್ನು ಕೇಳಬೇಕಾದವನಿಗೆ ಬೇಕಾದದ್ದು ಇಂಪಲ್ಲ, ಸ್ಪಷ್ಟತೆ.

1984ರ ಡೆಕ್‌ಟಾಕ್ ಇಂಥ ಯಂತ್ರಗಳಲ್ಲಿ ಹೆಸರಾದದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೆನಿಸ್ ಕ್ಲಾಟ್ ಅವರ ಸಂಶೋಧನೆಯಿಂದ ಬಂದ ಅದರ ಬೆಲೆ ಅಮೆರಿಕದಲ್ಲೇ ಸುಮಾರು 4000 ಡಾಲರ್ ಇತ್ತು. ಸ್ಟೀಫನ್ ಹಾಕಿಂಗ್ ಅವರ ಜಗತ್ಪ್ರಸಿದ್ಧ ದನಿಯ ಮೂಲವೂ ಕ್ಲಾಟ್ ಅವರ ಕೆಲಸವೇ. ನಮ್ಮಂಥವರು ಅದನ್ನು ಕೊಳ್ಳುವ ಮಾತೇ ಇರಲಿಲ್ಲ. ಕಂಪ್ಯೂಟರಿಗೆ ತಂತಿಯಿಂದ ಜೋಡಿಸುವ, ಮಾತಾಡುವ ಅಗ್ಗದ ಪೆಟ್ಟಿಗೆಯೊಂದು ನಮ್ಮ ವಿಭಾಗಕ್ಕೆ ಬಂದದ್ದೇ ದೊಡ್ಡ ಸಂಗತಿ. ಅದು ಬಾಯಿಬಿಡುವವರೆಗೆ ಯಂತ್ರ ಚಾಲೂ ಆಗಿದೆಯೋ ಕೆಟ್ಟಿದೆಯೋ ತಿಳಿಯುತ್ತಿರಲಿಲ್ಲ.

ಆದರೂ ಡಾಸ್ ನಮಗೆ ಅನುಕೂಲವಾಗಿತ್ತು ಎಂದೇ ಹೇಳುತ್ತೇನೆ. ಪರದೆಯೆಂದರೆ 80 ಅಕ್ಷರಗಳ 25 ಸಾಲುಗಳು. ಅಕ್ಷರಗಳು ಅಕ್ಷರಗಳಾಗಿಯೇ ಸ್ಮೃತಿಯಲ್ಲಿ ಇರುತ್ತಿದ್ದುದರಿಂದ ಸ್ಕ್ರೀನ್ ರೀಡರ್ ಅವನ್ನು ನೇರವಾಗಿ ಎತ್ತಿಕೊಂಡು ಓದುತ್ತಿತ್ತು. ವಿಂಡೋಸ್ ಬಂದಾಗ ಪರದೆಯೆಲ್ಲ ಚಿತ್ರವಾಗಿ, ಓದಲು ಅಕ್ಷರವೇ ಸಿಗದಂತಾಯಿತು. ಪರದೆಯ ಮೇಲೆ ಬರೆಯುವ ಆಜ್ಞೆಗಳನ್ನು ನಡುವೆಯೇ ಹಿಡಿದು, ತಮ್ಮದೇ ಒಂದು ಪ್ರತಿಯನ್ನು ಕಟ್ಟಿಕೊಳ್ಳುವ ಉಪಾಯವನ್ನು ತಂತ್ರಾಂಶಕಾರರು ಕಂಡುಕೊಳ್ಳುವವರೆಗೆ ಅನೇಕರು ಕೆಲಸ ಹೋದೀತೆಂದು ಹೆದರಿದ್ದುಂಟು. ಡಾಸ್‌ನಲ್ಲಿ 1989ರಿಂದಲೇ ಇದ್ದ ಜಾಸ್ ಎಂಬ ಸ್ಕ್ರೀನ್ ರೀಡರ್, ವಿಂಡೋಸ್‌ಗೆ ಬಂದದ್ದು 1995ರಲ್ಲಿ.

ಉತ್ತರ – ಡೊಂಬಿವಿಲಿ, ಅನುವಾದಕಿ

ಜಾಸ್ ಎಂದೊಡನೆ ನನಗೆ ನೆನಪಾಗುವುದು ಅದರ 40 ನಿಮಿಷಗಳ ಗಡುವು. ಹಣ ಕೊಡದೆ ಪರೀಕ್ಷಾ ಪ್ರತಿಯನ್ನು ಬಳಸುವವರಿಗೆ ಅಷ್ಟು ಹೊತ್ತಾದ ಮೇಲೆ ದನಿ ನಿಂತುಬಿಡುತ್ತಿತ್ತು. ಕಂಪ್ಯೂಟರನ್ನೇ ಮತ್ತೆ ಚಾಲೂ ಮಾಡಬೇಕಿತ್ತು. ಮುಗಿಯುವ ಮುನ್ನ ಕಡತ ಉಳಿಸುವುದು ನಮಗೆಲ್ಲ ಒಂದು ವ್ರತದಂತಾಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಆರಂಭಿಸಿದ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಬಳಕೆಗೆ ಬಂದ ಮೇಲೆ ಆ ಪಾಡು ತಪ್ಪಿತು. ಹಿಂದಿನ ಉತ್ತರದಲ್ಲಿ ಹೇಳಿದ ಸ್ಪಷ್ಟತೆಯ ವಿಚಾರ ನಿಜ, ಆದರೆ ಎಲ್ಲಕ್ಕೂ ಅಲ್ಲ. ಕತೆ, ಕಾದಂಬರಿಗಳಿಗೆ ನಾನು ಹೊಸ ದನಿಯನ್ನೇ ಬಳಸುತ್ತೇನೆ. ಕರಡು ತಿದ್ದುವಾಗ ಮಾತ್ರ ಹಳೆಯದು. ಹೊಸ ದನಿ ಎಷ್ಟು ನಯವೆಂದರೆ ಅಕ್ಷರದೋಷಗಳ ಮೇಲೆ ಜಾರಿಕೊಂಡು ಹೋಗಿಬಿಡುತ್ತದೆ.

ಉತ್ತರ – ವಾಸ್ಕೋ, ಗೋವಾ

ಮೇಲಿನ ಇಬ್ಬರೂ ಇಂಗ್ಲಿಷಿನ ಸಂಗತಿಯನ್ನಷ್ಟೇ ಹೇಳಿದ್ದಾರೆ. ಕನ್ನಡದ ಮಟ್ಟಿಗೆ ಕಂಪ್ಯೂಟರ್ ಬಹುಕಾಲ ಮೂಕವಾಗಿಯೇ ಇತ್ತು. ನುಡಿ, ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಕನ್ನಡವಾದರೂ ಒಳಗಿದ್ದುದು ರೋಮನ್ ಅಕ್ಷರಗಳೂ ಚಿಹ್ನೆಗಳೂ ಆದ್ದರಿಂದ, ಊರಿನಿಂದ ಬಂದ ಕಡತವನ್ನು ತೆರೆದರೆ ಸ್ಕ್ರೀನ್ ರೀಡರ್ ಅರ್ಥವಿಲ್ಲದ್ದನ್ನೇ ಒದರುತ್ತಿತ್ತು. ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ರೂಢಿಗೆ ಬಂದು, ಈಸ್ಪೀಕ್ ಎಂಬ ದನಿ ತಂತ್ರಾಂಶ ಕನ್ನಡವನ್ನು ಓದತೊಡಗಿದ ಮೇಲೆಯೇ ನಾನು ಬೇರೆಯವರ ನೆರವಿಲ್ಲದೆ ಕನ್ನಡ ಓದಿದ್ದು. ಅದರ ಉಚ್ಚಾರಣೆ ಯಾಂತ್ರಿಕವಾದದ್ದು ಎಂದು ನಗುವವರಿದ್ದಾರೆ, ನಗಲಿ. ಇಂದಿಗೂ ಹಳೆಯ ನುಡಿಯಲ್ಲೇ ಆಮಂತ್ರಣ ಕಳಿಸುವ ಸಂಘಗಳವರು ದಯವಿಟ್ಟು ಯುನಿಕೋಡ್‌ಗೆ ಪರಿವರ್ತಿಸಿ ಕಳಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಾವನವರು ಈ ಉತ್ತರಗಳನ್ನು ತಮ್ಮ ವೇಗದಲ್ಲಿ ನನಗಿಂತ ಮೊದಲೇ ಕೇಳಿ ಮುಗಿಸಿದರು. ಕೆಲಸಕ್ಕೊಂದು ದನಿ, ಕಾದಂಬರಿಗೊಂದು ದನಿ ಇಟ್ಟುಕೊಳ್ಳಲು ಸಾಧ್ಯವೇ ಎಂದು ಈಗ ಅವರೇ ವಿಚಾರಿಸುತ್ತಿದ್ದಾರೆ.

ಉತ್ತರ – ಡೊಂಬಿವಿಲಿ, ಅನುವಾದಕಿ

ಖಂಡಿತ ಸಾಧ್ಯ. ಎನ್‌ವಿಡಿಎಯಲ್ಲಿ ಒಂದೊಂದು ತಂತ್ರಾಂಶಕ್ಕೂ ಪ್ರತ್ಯೇಕ ಪ್ರೊಫೈಲ್, ಅಂದರೆ ಬೇರೆಯದೇ ಹೊಂದಿಕೆಗಳ ಗುಚ್ಛ, ಮಾಡಬಹುದು. ಪುಸ್ತಕ ಓದುವ ತಂತ್ರಾಂಶ ತೆರೆದಿರುವಾಗ ಅದಕ್ಕೇ ಸೀಮಿತವಾದ ಹೊಸ ಪ್ರೊಫೈಲ್ ರಚಿಸಿ, ಅದರಲ್ಲಿ ದನಿಯನ್ನೂ ವೇಗವನ್ನೂ ಬದಲಿಸಿದರೆ ಸಾಕು. ಅಲ್ಲಿಂದ ಹೊರಬಂದೊಡನೆ ಅವರ ಹಳೆಯ ದನಿ ತಾನಾಗಿಯೇ ಮರಳುತ್ತದೆ.