‘ಶೇಷ ಮೇವು’ ಎಂದರೆ ಗೋದಲಿಯಲ್ಲಿ ಉಳಿದದ್ದೇ?

ಪ್ರಶ್ನೆ:

ಮಾಂಸದ ದನಗಳ ತಳಿ ಆಯ್ಕೆಯ ಬರಹಗಳಲ್ಲಿ ‘ರೆಸಿಡ್ಯುಯಲ್ ಫೀಡ್ ಇಂಟೇಕ್’ ಎಂಬ ಮಾತು ಬರುತ್ತದೆ. ‘ಶೇಷ ಮೇವು ಸೇವನೆ’ ಎಂದು ಬರೆದರೆ, ದನ ತಿಂದು ಬಿಟ್ಟ ಮೇವು ಎಂದೇ ಓದುಗರು ತಿಳಿಯುತ್ತಾರೆ. ಆಸ್ಟ್ರೇಲಿಯಾದವರು ಇದನ್ನೇ ‘ನೆಟ್ ಫೀಡ್ ಇಂಟೇಕ್’ ಎನ್ನುವುದರಿಂದ ‘ನಿವ್ವಳ ಮೇವು’ ಎನ್ನಬಹುದೇ? ಈ ಸಂಖ್ಯೆ ಸೊನ್ನೆಗಿಂತ ಕೆಳಗಿದ್ದರೆ ಒಳ್ಳೆಯದು ಎನ್ನುತ್ತಾರಲ್ಲ, ಅದೇಕೆ?

ಉತ್ತರ:

‘ನಿವ್ವಳ’ ಇನ್ನೂ ದಾರಿ ತಪ್ಪಿಸುತ್ತದೆ ಸಾರ್. ಹಾಕಿದ್ದು 12 ಕೆಜಿ, ಬಿಟ್ಟಿದ್ದು 2 ಕೆಜಿ ಆದರೆ ನಿವ್ವಳ 10 ಕೆಜಿ ಎಂದುಕೊಳ್ಳುತ್ತಾರೆ. ಅದು ಬರೀ ತಿಂದ ಮೇವಿನ ಲೆಕ್ಕ. ‘ಶೇಷ’ಕ್ಕೂ ತೊಡಕಿದೆ: ಶಾಲೆಯ ಭಾಗಾಕಾರದ ಶೇಷ ಸೊನ್ನೆಗಿಂತ ಕೆಳಗಿಳಿಯದು, ಇದು ಇಳಿಯುತ್ತದೆ. ಮೇಲಾಗಿ ಕೀಟನಾಶಕದ ಶೇಷಾಂಶದ ನೆನಪು ಬೇರೆ.

1963ರಲ್ಲಿ ಅಮೆರಿಕದ ತಳಿ ವಿಜ್ಞಾನಿಗಳು ಮುಂದಿಟ್ಟ ಲೆಕ್ಕ ಹೀಗಿದೆ. ದನದ ಮೈತೂಕ, ದಿನಕ್ಕೆ ಏರುವ ತೂಕ ಇವೆರಡರಿಂದ ಅದು ಎಷ್ಟು ತಿನ್ನಬೇಕಿತ್ತು ಎಂದು ಅಂದಾಜು ಮಾಡುತ್ತಾರೆ. ಮೈತೂಕವನ್ನು ಇದ್ದಂತೆಯೇ ಹಿಡಿಯುವುದಿಲ್ಲ, 0.75ರ ಘಾತಕ್ಕೇರಿಸುತ್ತಾರೆ; 400 ಕೆಜಿಗೆ ಅದು ಸುಮಾರು 89. ನಿಜವಾಗಿ ತಿಂದದ್ದರಲ್ಲಿ ಈ ಅಂದಾಜನ್ನು ಕಳೆದರೆ ಬರುವುದೇ ‘ರೆಸಿಡ್ಯುಯಲ್’. ಉದಾಹರಣೆಗೆ, 400 ಕೆಜಿಯ ಎರಡು ಹೋರಿಗಳು ದಿನಕ್ಕೆ 1.2 ಕೆಜಿ ಬೆಳೆಯುತ್ತಿವೆ, ತಿನ್ನಬೇಕಾದ ಮೇವಿನ ಅಂದಾಜು ದಿನಕ್ಕೆ 9.5 ಕೆಜಿ ಎನ್ನಿ. ಒಂದು 8.7 ತಿಂದರೆ ಅದರದು −0.8, ಇನ್ನೊಂದು 10.2 ತಿಂದರೆ +0.7. ಬೆಳವಣಿಗೆ ಒಂದೇ, ಖರ್ಚು ಬೇರೆ. ಬೀಜಕ್ಕೆ ಇಟ್ಟುಕೊಳ್ಳುವುದು ಮೊದಲನೆಯದನ್ನು.

ಕೋಳಿಯವರ ‘ಎಫ್‌ಸಿಆರ್’ ಸಾಲದೇ ಎನ್ನಬಹುದು. ಅದು ತಿಂದ ಮೇವನ್ನು ಏರಿದ ತೂಕದಿಂದ ಭಾಗಿಸಿದ್ದು. ಅದನ್ನೇ ನೋಡಿ ಹೋರಿ ಆರಿಸುತ್ತ ಹೋದರೆ ಬೇಗ ಬೆಳೆಯುವವೇ ಉಳಿಯುತ್ತವೆ. ಅವುಗಳ ಹೆಣ್ಣುಕರುಗಳು ದೊಡ್ಡ ಮೈಯ ಹಸುಗಳಾಗಿ ವರ್ಷವಿಡೀ ಹೆಚ್ಚು ತಿನ್ನುತ್ತವೆ. ‘ರೆಸಿಡ್ಯುಯಲ್’ ಅಳತೆ ಮೈತೂಕವನ್ನು ಮೊದಲೇ ಲೆಕ್ಕದಿಂದ ತೆಗೆದಿರುವುದರಿಂದ ಆ ಕಾಟ ಕಡಿಮೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಟ್ರ್ಯಾಂಗಿ ಸಂಶೋಧನಾ ಕೇಂದ್ರದಲ್ಲಿ 1993ರಿಂದ ಆಂಗಸ್ ಎಂಬ ಮಾಂಸದ ತಳಿಯ ದನಗಳನ್ನು ಹೀಗೆ ಆರಿಸಿದಾಗ, ಕಡಿಮೆ ತಿನ್ನುವ ವಂಶದ ಕರುಗಳು ವರ್ಷ ತುಂಬಿದಾಗಿನ ತೂಕದಲ್ಲಿ ಹಿಂದೆ ಬೀಳಲಿಲ್ಲ.

ಅನುವಾದಕರು ಎಡವುವ ಜಾಗಗಳೂ ಇವೆ. 21 ದಿನ ಮೇವಿಗೆ ಒಗ್ಗಿಸಿ, ಆಮೇಲೆ ಸುಮಾರು 70 ದಿನ ಅಳೆಯುತ್ತಾರೆ. ಆ 21 ದಿನದ ಮೇವು ಲೆಕ್ಕಕ್ಕಿಲ್ಲ. ಕೆಜಿ ಎಂದರೆ ಒಣ ಪದಾರ್ಥದ ಕೆಜಿ. ನೀರಿನಂಶ ತೆಗೆಯದೆ ಸೈಲೇಜನ್ನು (ಹುದುಗಿಸಿಟ್ಟ ಹಸಿಮೇವು) ಹಾಗೆಯೇ ತೂಗಿದರೆ ಅಂಕಿ ಕೆಡುತ್ತದೆ. ಅಂದಾಜನ್ನು ಆಯಾ ಗುಂಪಿನ ಅಂಕಿಗಳಿಂದಲೇ ಕಟ್ಟುವುದರಿಂದ ಈ ಸಂಖ್ಯೆಯ ಸರಾಸರಿ ಗುಂಪಿನೊಳಗೆ ಸೊನ್ನೆ, ಹಾಗಾಗಿ ಈ ಕೊಟ್ಟಿಗೆಯ −0.8ನ್ನು ಆ ಕೊಟ್ಟಿಗೆಯ −0.3ರ ಜೊತೆ ನೇರವಾಗಿ ಹೋಲಿಸುವಂತಿಲ್ಲ. ಕಡಿಮೆ ಅಂಕಿಯ ದನಗಳಲ್ಲಿ ಕೊಬ್ಬು ತುಸು ಕಡಿಮೆ. ಅದಕ್ಕೇ ಕೆಲವರು ಬೆನ್ನಿನ ಕೊಬ್ಬನ್ನೂ ಅಂದಾಜಿಗೆ ಸೇರಿಸುತ್ತಾರೆ.

ಪದಕ್ಕೆ ಬಂದರೆ: ‘ಲೆಕ್ಕದ ಮೇವು’, ‘ತಿಂದ ಮೇವು’, ಇವೆರಡರ ನಡುವಿನದು ‘ಮೇವಿನ ಅಂತರ’. ಅಂತರಕ್ಕೆ ಹೆಚ್ಚೂ ಕಡಿಮೆಯೂ ಎರಡೂ ಒಗ್ಗುತ್ತವೆ. ‘ಮೇವಿನ ಹೆಚ್ಚುಕಡಿಮೆ’ ಇನ್ನೂ ಚೆಂದ, ಆದರೆ ಅದನ್ನು ‘ಸುಮಾರು’ ಎಂದು ಓದಿಬಿಟ್ಟಾರು. ‘ಸೇವನೆ’ಯಂತೂ ಬೇಡ. ದನ ಮೇಯುತ್ತದೆ, ತಿನ್ನುತ್ತದೆ, ಸೇವಿಸುವುದು ಮಾತ್ರೆಯನ್ನು. ಗೋದಲಿಯಲ್ಲಿ ಬಿಟ್ಟದ್ದನ್ನೂ ಈ ಪರೀಕ್ಷೆಯಲ್ಲಿ ತೂಗುವುದರಿಂದ, ‘ಉಳಿಕೆ’ಯನ್ನು ಅದಕ್ಕೇ ಮೀಸಲಿಡಿ.