ಆಲು, ಹಾಲು ಮತ್ತು ಅಜ್ಜನ ಎಲ್‌ಪಿ

ನಿನ್ನೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ನಡೆದಿದ್ದು. ಹೆಸರೆಲ್ಲಾ ತೆಗೆದಿದೀನಿ, ಯಾರು ಏನಾಗ್ಬೇಕು ಅನ್ನೋದಷ್ಟೇ ಇಟ್ಟಿದೀನಿ. ದೊಡ್ಡಪ್ಪ ಒಂದು ವಿಡಿಯೊ ಫಾರ್ವರ್ಡ್ ಮಾಡಿದ್ರು, "ಮೈ ಫೇರ್ ಲೇಡಿ" ಸಿನಿಮಾದ ಹಾಡು, ಜೊತೆಗೆ ದಪ್ಪಕ್ಷರದಲ್ಲಿ ಈ ಒಕ್ಕಣೆ.

ದೊಡ್ಡಪ್ಪ: *ಯಂತ್ರದ ಸಹಾಯವಿಲ್ಲದೆ ಒಂದೇ ಟೇಕ್‌ನಲ್ಲಿ ಸ್ವಂತ ಕಂಠದಲ್ಲಿ ಹಾಡಿದ ಆಡ್ರಿ ಹೆಪ್‌ಬರ್ನ್. ಇಂದಿನ ಗಾಯಕರು ಕೇಳಿ ಕಲಿಯಲಿ. ಹತ್ತು ಜನರಿಗೆ ಕಳಿಸಿ* 🙏🙏

ಅತ್ತೆ: ಎಷ್ಟು ಚೆನ್ನಾಗಿದೆ ಅಣ್ಣಾ, ಕಣ್ಣಲ್ಲಿ ನೀರು ಬಂತು

ಅಪ್ಪ: 👍

ಪುಟ್ಟಿ (ಅತ್ತೆ ಮಗಳು): ದೊಡ್ಡಮಾವ, ಇದು ಆಡ್ರಿ ದನಿ ಅಲ್ಲ. ಮಾರ್ನಿ ನಿಕ್ಸನ್ ಅಂತ, ಅವರು ಹಾಡಿದ್ದು. ಎಲ್ಲಿಂದ ಬಂತು ಈ ಫಾರ್ವರ್ಡ್?

ದೊಡ್ಡಪ್ಪ: ನನ್ನ ಸ್ನೇಹಿತರು ಕಳಿಸಿದ್ದು. ರಿಟೈರ್ಡ್ ಪ್ರಿನ್ಸಿಪಾಲ್.

ಪುಟ್ಟಿ: ಪ್ರಿನ್ಸಿಪಾಲ್ರು ಸೆಟ್ಟಲ್ಲಿದ್ರಾ?

ಅತ್ತೆ: ಪುಟ್ಟಿ!! ದೊಡ್ಡವರ ಹತ್ರ ಹಾಗಾ ಮಾತಾಡೋದು

ಪುಟ್ಟಿ: ಅಮ್ಮ ನಾನು ಸೋರ್ಸ್ ಕೇಳ್ದೆ ಅಷ್ಟೇ. ಸೆಟ್ಟಲ್ಲಿ ಲೈವ್ ಹಾಡಿದ್ದು ಹೀರೊ ರೆಕ್ಸ್ ಹ್ಯಾರಿಸನ್. ಮೊದ್ಲೇ ರೆಕಾರ್ಡ್ ಮಾಡಿ ಆಮೇಲೆ ತುಟಿ ಅಲ್ಲಾಡಿಸೋದು ನನ್ನಿಂದಾಗಲ್ಲ ಅಂದ್ರು, ಅವರ ಟೈ ಒಳಗೆ ವೈರ್‌ಲೆಸ್ ಮೈಕ್ ಇಟ್ರು. ಆ ಕಥೇನ ಯಾರೋ ಆಡ್ರಿಗೆ ಅಂಟ್ಸಿದಾರೆ.

ದೊಡ್ಡಪ್ಪ: ಆ ಕಾಲದವರಿಗೆ ಕಲೆ ಅಂದ್ರೆ ತಪಸ್ಸು. ಈಗ ನಾಲ್ಕು ಲೈಕಿಗೆ ಹಾಡೋದು. ಹಿರಿಯರ ಸಾಧನೇಲಿ ಹುಳುಕು ಹುಡುಕೋದೇ ಇವತ್ತಿನ ವಿದ್ಯೆ ಆಗಿದೆ. ಯಾರಿಗೂ ಹೇಳ್ತಿಲ್ಲ, ಸುಮ್ನೆ ಹೇಳಿದೆ.

(ನಮ್ಮ ದೊಡ್ಡಪ್ಪ "ಯಾರಿಗೂ ಹೇಳ್ತಿಲ್ಲ" ಅಂದ್ರೆ ಪುಟ್ಟಿಗೆ ಹೇಳಿದ್ದು ಅಂತ ಅರ್ಥ.)

ದೊಡ್ಡಣ್ಣ (ದೊಡ್ಡಪ್ಪನ ಮಗ): ಅಯ್ಯೋ ಈ ಹಾಡು!! ಅಜ್ಜನ ಎಲ್‌ಪಿ ನೆನಪಿದೆಯಾ ಯಾರಿಗಾದ್ರೂ, ಕವರ್ ಮೇಲೆ ಮೋಡದಲ್ಲಿ ಗಡ್ಡದ ತಾತ ಕೂತ್ಕೊಂಡು ದಾರ ಹಿಡ್ದಿರ್ತಾನೆ ಆ ದಾರದಲ್ಲಿ ಒಬ್ಬ ಗಂಡಸು ಅವನ ಕೈಲಿರೋ ದಾರದಲ್ಲಿ ಒಬ್ಳು ಹೆಂಗಸು, ನಾನು ಆ ತಾತ ದೇವ್ರು ಅಂದ್ಕೊಂಡು ಕೈ ಮುಗೀತಿದ್ದೆ

ನಾನು: ಅದು ಬರ್ನಾರ್ಡ್ ಷಾ ಕಣೋ. ಮೂಲ ನಾಟಕ ಅವರದ್ದೇ ತಾನೆ. ಕವರ್ ಚಿತ್ರ ಬರೆದಿದ್ದು ಹರ್ಷ್‌ಫೆಲ್ಡ್.

ದೊಡ್ಡಣ್ಣ: ಹಾಗಾದ್ರೆ ಷಾಗೆ ಕೈ ಮುಗ್ದಿದೀನಿ ಬಿಡು. ಮತ್ತೆ "ಐ ಕುಡ್ ಹ್ಯಾವ್ ಡಾನ್ಸ್ಡ್ ಆಲ್ ನೈಟ್" ಮಧ್ಯೆ ಸೂಜಿ ಹಾರ್ತಿತ್ತಲ್ಲ, ನಾನು ಈಗ್ಲೂ ಆ ಹಾಡು ಗುನುಗೋವಾಗ ಅಲ್ಲಿ ಹಾರೇ ಮುಂದೆ ಹೋಗೋದು

ದೊಡ್ಡಪ್ಪ: ಆ ರೆಕಾರ್ಡ್ ಅಪ್ಪ ತಂದಿದ್ದು 1956ರಲ್ಲಿ. ಆಡ್ರಿ ಹಾಡಿದ್ದನ್ನ ನಾನೇ ಈ ಕಿವಿಯಾರ ಕೇಳಿದೀನಿ. ಆದ್ರೆ ರೆಕಾರ್ಡ್ ಈಗ ಎಲ್ಲಿದೆ ಅನ್ನೋದು ಮಾತ್ರ ಕೆಲವರಿಗೇ ಗೊತ್ತು.

ಅತ್ತೆ: ಅಣ್ಣ ಮತ್ತೆ ಶುರು ಮಾಡ್ಬೇಡ. ಮನೆ ಖಾಲಿ ಮಾಡುವಾಗ ಎಲ್ಲೋ ಕಳೀತು ಅಂತ ನೂರು ಸಲ ಹೇಳಿದೀನಿ

ಪುಟ್ಟಿ: 1956ರಲ್ಲಿ ಸಿನಿಮಾನೇ ಇಲ್ಲ ದೊಡ್ಡಮಾವ. ಸಿನಿಮಾ 1964. 1956 ಅಂದ್ರೆ ನ್ಯೂಯಾರ್ಕಲ್ಲಿ ನಾಟಕ ಶುರುವಾಗಿದ್ದು, ಅದರಲ್ಲಿ ನಾಯಕಿ ಎಲೈಜಾ ಆಗಿದ್ದು ಜೂಲಿ ಆಂಡ್ರ್ಯೂಸ್. ಆಡ್ರಿ ತಾನೇ ಹಾಡ್ಬೇಕು ಅಂತ ತಯಾರಿ ಮಾಡಿದ್ದು ನಿಜ, ಅವರ ದನೀಲಿ ಎರಡು ಹಾಡು ಡಿವಿಡೀಲಿ ಬಂದಿದೆ. ಸಿನಿಮಾದಲ್ಲಿ ಉಳಿದಿದ್ದು "ಜಸ್ಟ್ ಯು ವೇಟ್" ಅಲ್ಲಿ ಒಂದಿಷ್ಟು, ಅಲ್ಲಲ್ಲಿ ಕೆಲವು ಸಾಲು.

ದೊಡ್ಡಮ್ಮ: ಯಾಕೆ ಇಷ್ಟು ಮೆಸೇಜು, ಯಾರಿಗಾದ್ರೂ ಏನಾದ್ರೂ ಆಯ್ತಾ??

ಮಾವ (ಅತ್ತೆ ಗಂಡ): ಏನಿಲ್ಲ ಅಕ್ಕ, ಯಾರೋ ತುಟಿ ಅಲ್ಲಾಡಿಸಿದಾರೆ ಇನ್ಯಾರೋ ಹಾಡಿದಾರೆ. ಪ್ಲೇಬ್ಯಾಕ್ ನಮಗೇನು ಹೊಸದಾ, ಇದಕ್ಕೆ ಇಷ್ಟು ಜಗಳ

ನಾನು: ವ್ಯತ್ಯಾಸ ಇದೆ ಮಾವ, ನಮ್ಮಲ್ಲಿ ಹಾಡಿದವರ ಹೆಸರು ಟೈಟಲ್ಲಲ್ಲಿ ಬರತ್ತೆ. ಮಾರ್ನಿ ಹೆಸರು ಹಾಕ್ಲೇ ಇಲ್ಲ. "ವೆಸ್ಟ್ ಸೈಡ್ ಸ್ಟೋರಿ"ಲಿ ನಟಾಲಿ ವುಡ್‌ಗೆ ಹಾಡಿದ್ದೂ ಅವರೇ, ಅಲ್ಲೂ ಹೆಸರಿಲ್ಲ.

ಇಷ್ಟರಲ್ಲಿ ನಂಗೂ ಹುರುಪು ಬಂತು. 1956ರದ್ದು, 1959ರದ್ದು, ಸಿನಿಮಾದ್ದು, ಮೂರೂ ರೆಕಾರ್ಡಿಂಗ್ ಎಷ್ಟೋ ಸಲ ಕೇಳಿರೋನು ನಾನು, ಸುಮ್ನಿರಕ್ಕಾಗತ್ತಾ.

ನಾನು: ನನ್ನ ಪ್ರಕಾರ 1956ರದ್ದೇ ಬೆಸ್ಟ್, ನಾಟಕ ಶುರುವಾಗಿ ಹತ್ತೇ ದಿನಕ್ಕೆ ರೆಕಾರ್ಡ್ ಮಾಡಿದ್ದು, ಜೂಲಿಗೆ ಆಗ 20 ವರ್ಷ, "ಜಸ್ಟ್ ಯು ವೇಟ್" ಅಲ್ಲಿ ಕೋಪ ಇನ್ನೂ ಹಸಿಹಸಿ ಇದೆ, 1959ರಲ್ಲಿ ಲಂಡನ್ನಲ್ಲಿ ಸ್ಟೀರಿಯೊಗೆ ಅಂತ ಮತ್ತೆ ಹಾಡಿದ್ರಲ್ಲ ಅಷ್ಟೊತ್ತಿಗೆ ಆ ಪಾತ್ರ ಮಾಡಿ ಮಾಡಿ ನುಣುಪಾಗ್ಬಿಟ್ಟಿದೆ, ದನಿ ಚೆಂದ ಆದ್ರೆ ಬೈಗುಳಾನೂ ಸಂಗೀತ ಆಗಿದೆ. ಇನ್ನು ಮಾರ್ನಿದು ಶ್ರುತಿ ಅಂದ್ರೆ ಶ್ರುತಿ, ಒಂದು ಕೂದಲೂ ಆಚೀಚೆ ಇಲ್ಲ, ಆದ್ರೆ "ಜಸ್ಟ್ ಯು ವೇಟ್" ಅಲ್ಲಿ ಆಡ್ರಿ ಗೊಗ್ಗರು ದನೀಲಿ ಶುರು ಮಾಡ್ತಾರೆ ಮಧ್ಯೆ ಎಲೈಜಾ ಕನಸು ಕಾಣೋ ಜಾಗಕ್ಕೆ ಬಂದಾಗ ಮಾರ್ನಿ ಬರ್ತಾರೆ, ಹೂ ಮಾರೋ ಹುಡುಗಿ ಒಂದೇ ಉಸಿರಲ್ಲಿ ಕಚೇರಿ ಮಾಡೋಳಾಗ್ತಾಳೆ. ಪಾಠ ಕಲಿಯೋಕೆ ಮುಂಚೇನೇ! ಆಡ್ರಿಯ "ಶೋ ಮಿ" ಕೇಳಿ, ದನಿ ತೆಳು, ಆದ್ರೆ ಸಿಟ್ಟು ಅವಳದ್ದೇ.

ಅಪ್ಪ: 👍

ಇಷ್ಟುದ್ದ ಟೈಪ್ ಮಾಡಿದ್ದಕ್ಕೆ ಸಿಕ್ಕಿದ್ದು ಅದೊಂದೇ. ಯಾರೂ ಓದಿಲ್ಲ. ಮಾವ ಮಾತ್ರ "ಪಾಠ" ಅನ್ನೋ ಪದ ಹಿಡ್ಕೊಂಡ್ರು.

ಮಾವ: ಪಾಠ ಅಂದಾಗ ನೆನಪಾಯ್ತು. ಆ ಸಿನಿಮಾದಲ್ಲಿ ಮೇಷ್ಟ್ರು ಅವಳಿಗೆ ಹಕಾರ ಕಲಿಸ್ತಾನೆ, ಹ ಅಂದ್ರೆ ಬೆಂಕಿ ಜ್ವಾಲೆ ಅಲ್ಲಾಡ್ಬೇಕು. ನಾನು ಮದ್ವೆಯಾದ ಹೊಸದ್ರಲ್ಲಿ ನಿಮ್ಮನೇಲಿ "ಆಲು ಕೊಡಿ" ಅಂದಿದ್ದಕ್ಕೆ ಭಾವ ಎಲ್ಲರ ಮುಂದೆ ಮೂರು ಸಲ ಹಾಲು ಹಾಲು ಹಾಲು ಅನ್ನಿಸಿದ್ರು. ಜ್ವಾಲೆ ಒಂದು ಇರ್ಲಿಲ್ಲ.

ದೊಡ್ಡಣ್ಣ: 😂😂😂

ದೊಡ್ಡಪ್ಪ: ಅದು ತಮಾಷೆಗೆ.

ಮಾವ: ಮೂವತ್ತು ವರ್ಷದಿಂದ ನಗ್ತಿದೀರಿ ಭಾವ. ಅಷ್ಟುದ್ದದ ತಮಾಷೆ ನಾ ನೋಡಿಲ್ಲ.

ಅತ್ತೆ: ರೀ ಸಾಕು

ದೊಡ್ಡಪ್ಪ: ವಿಷಯ ಬೇರೆ ಕಡೆ ತಿರುಗಿಸ್ಬೇಡಿ. ಅಪ್ಪನ ರೆಕಾರ್ಡಲ್ಲಿ ಹಾಡಿದ್ದು ಆಡ್ರಿ. ಇಲ್ಲ ಅನ್ನೋರು ಪುರಾವೆ ತೋರಿಸ್ಲಿ.

ಪುಟ್ಟಿ: [ಫೋಟೊ]

ಪುಟ್ಟಿ: ಓದಿ. ರೆಕ್ಸ್ ಹ್ಯಾರಿಸನ್, ಜೂಲಿ ಆಂಡ್ರ್ಯೂಸ್. ಆಡ್ರಿ ಎಲ್ಲೂ ಇಲ್ಲ. ಮೇಲೆ ಸ್ಟೀರಿಯೊ ಅಂತಾನೂ ಇದೆ ನೋಡಿ, ಅಂದ್ರೆ 1959ರದ್ದು. 1956ರದ್ದು ಮೋನೊ. ಅಜ್ಜ 1956ರಲ್ಲಿ ತಂದ್ರು ಅನ್ನೋದೂ ತಪ್ಪು.

ಒಂದು ನಿಮಿಷ ಯಾರೂ ಏನೂ ಬರೀಲಿಲ್ಲ.

ದೊಡ್ಡಣ್ಣ: ಕವರ್ ಮೂಲೇಲಿ ನೀಲಿ ಇಂಕಲ್ಲಿ ನನ್ನ ಹೆಸರಿದೆಯಲ್ಲ?? ನಾಲ್ಕನೇ ಕ್ಲಾಸಲ್ಲಿ ನಾನೇ ಬರ್ದಿದ್ದು

ದೊಡ್ಡಪ್ಪ: ಪುಟ್ಟಿ. ಈ ಫೋಟೊ ಎಲ್ಲಿ ತೆಗೆದಿದ್ದು?

ಪುಟ್ಟಿ: ಅಮ್ಮನ ಬೀರು

ಪುಟ್ಟಿ: ಅಯ್ಯೋ

_ಪುಟ್ಟಿ ಈ ಸಂದೇಶವನ್ನು ಅಳಿಸಿದ್ದಾರೆ_

ದೊಡ್ಡಪ್ಪ: ಅಳಿಸಿ ಪ್ರಯೋಜನ ಇಲ್ಲ. ಡೌನ್‌ಲೋಡ್ ಆಗಿದೆ.

ಅತ್ತೆ: ಅಮ್ಮ ಕೊಟ್ಟಿದ್ದು ನಂಗೆ. ಕೈಯಾರೆ ಕೊಟ್ಟಿದ್ದು. ನೀನು ಗ್ರಾಮಫೋನ್ ಇಟ್ಕೊಂಡೆಯಲ್ಲ ನಾನೇನಾದ್ರೂ ಕೇಳಿದ್ನಾ

ದೊಡ್ಡಮ್ಮ: ಆ ಗ್ರಾಮಫೋನ್ ಅಟ್ಟದ ಮೇಲೆ ಧೂಳು ತಿಂತಿದೆ, ಬೇಕಾದ್ರೆ ತಗೊಂಡ್ಹೋಗಮ್ಮ, ನಂಗೆ ಜಾಗ ಆಗತ್ತೆ

ಅಪ್ಪ: 👍

ದೊಡ್ಡಪ್ಪ ಸುಮಾರು ಹೊತ್ತು ಟೈಪಿಂಗ್ ಅಂತ ತೋರಿಸ್ತಾ ಇತ್ತು, ನಿಂತ್ಹೋಯ್ತು, ಮತ್ತೆ ತೋರಿಸ್ತು. ಬೈತಾರೆ ಅಂತ ಎಲ್ಲಾ ಕಾಯ್ತಿದ್ವಿ.

ದೊಡ್ಡಪ್ಪ: ಸೂಜಿ ಹಾರೋ ಜಾಗದಲ್ಲಿ ಈಗ್ಲೂ ಹಾರತ್ತಾ?

ಅತ್ತೆ ಉತ್ತರ ಕೊಡ್ಲಿಲ್ಲ. ರಾತ್ರಿ ಹತ್ತೂವರೆಗೆ ಮಾವ ಒಂದು ವಾಯ್ಸ್ ನೋಟ್ ಹಾಕಿದ್ರು, ನಲವತ್ತು ಸೆಕೆಂಡಿಂದು, ಮೊದ್ಲು ಕರಕರ ಸದ್ದು, ಆಮೇಲೆ ಜೂಲಿ, ಆಮೇಲೆ ಟಕ್ ಅಂತ ಹಾರಿ ಮುಂದಿನ ಸಾಲು. ಇವರ ಮನೇಲಿ ಪ್ಲೇಯರ್ ಯಾವಾಗಿಂದ ಇದೆ ಅಂತ ಯಾರೂ ಕೇಳ್ಲಿಲ್ಲ.

ದೊಡ್ಡಪ್ಪ: ಆಹಾ. ಆಡ್ರಿ ಅಂದ್ರೆ ಆಡ್ರಿನೇ.

ಪುಟ್ಟಿ ಗ್ರೂಪ್ ಮ್ಯೂಟ್ ಮಾಡಿದಾಳಂತೆ.